ತೊಂದರೆ ಏನೂ ಇಲ್ಲ ಅನ್ನುವವರಿಗೂ ಒಂದು ಪರೀಕ್ಷೆ

ಬಸ್ ನಿಲ್ದಾಣದ ಶೌಚಾಲಯದ ಗೋಡೆ, ರೈಲ್ವೆ ಗೇಟಿನ ಪಕ್ಕದ ಕಾಂಪೌಂಡು, ಊರಾಚೆಯ ಸೇತುವೆಯ ಕಂಬ. ‘ಗುಪ್ತರೋಗ’ದ ಚೀಟಿಗಳು ಅಂಟಿಕೊಂಡಿರುವುದು ಇಂಥ ಕಡೆಗಳಲ್ಲೇ. ತಿಂಗಳಿಗೊಮ್ಮೆ ಇಂಥ ವಾರ, ಇಂಥ ಲಾಡ್ಜಿನಲ್ಲಿ ‘ಡಾಕ್ಟರು’ ಸಿಗುತ್ತಾರೆ ಎಂದು ಅದರಲ್ಲಿ ಬರೆದಿರುತ್ತದೆ. ನರದೌರ್ಬಲ್ಯ, ಸ್ವಪ್ನಸ್ಖಲನ, ಹಸ್ತಮೈಥುನದ ದುಷ್ಪರಿಣಾಮ ಎಂದೆಲ್ಲ ಕೆಳಗೆ ಪಟ್ಟಿ ಮಾಡಿರುವುದರಲ್ಲಿ ಮುಕ್ಕಾಲು ಪಾಲು ಕಾಯಿಲೆಗಳೇ ಅಲ್ಲ. ನಿಜವಾದ ಕಾಯಿಲೆಯಾಗಿದ್ದು, ಗುಪ್ತ ಎಂಬ ವಿಶೇಷಣಕ್ಕೆ ಎಲ್ಲಕ್ಕಿಂತ ಹೆಚ್ಚು ಅರ್ಹವಾದ ಸೋಂಕೊಂದು ಮಾತ್ರ ಆ ಪಟ್ಟಿಯಲ್ಲಿ ಕಾಣುವುದಿಲ್ಲ. ಅದು ಕ್ಲಮೀಡಿಯ.

ಹೆಸರು ಕೇಳಿದವರೇ ಕಡಿಮೆ. ಸಿಫಿಲಿಸ್, ಗೊನೋರಿಯ, ಎಚ್‌ಐವಿ ಗೊತ್ತು. ಇದು ಯಾವುದೋ ಹೂವಿನ ಗಿಡದ ಹೆಸರಿನ ಹಾಗೆ ಕೇಳಿಸುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2020ರಲ್ಲಿ ಜಗತ್ತಿನಲ್ಲಿ 15ರಿಂದ 49 ವರ್ಷದೊಳಗಿನವರಿಗೆ ತಗುಲಿದ ಹೊಸ ಕ್ಲಮೀಡಿಯ ಸೋಂಕು ಸುಮಾರು 12.9 ಕೋಟಿ. ಅದೇ ವರ್ಷ ಗೊನೋರಿಯ 8.2 ಕೋಟಿ, ಸಿಫಿಲಿಸ್ 71 ಲಕ್ಷ. ಲೈಂಗಿಕ ಸಂಪರ್ಕದಿಂದ ಹರಡುವ ಬ್ಯಾಕ್ಟೀರಿಯಾಗಳಲ್ಲಿ ಮೊದಲ ಸ್ಥಾನ ಇದರದೇ. ಗೊತ್ತಾದರೆ ಒಂದು ವಾರದ ಮಾತ್ರೆ ಸಾಕು, ಅದೂ ದುಬಾರಿಯದ್ದಲ್ಲ. ತೊಡಕಿರುವುದೆಲ್ಲ ಗೊತ್ತಾಗುವುದರಲ್ಲಿ.

ಈ ಬ್ಯಾಕ್ಟೀರಿಯಾ ವಿಜ್ಞಾನಿಗಳ ಕಣ್ಣಿಗೆ ಮೊದಲು ಬಿದ್ದದ್ದು ಮನುಷ್ಯರ ಕಣ್ಣಿನಿಂದಲೇ. 1907ರಲ್ಲಿ ಜಾವಾ ದ್ವೀಪದಲ್ಲಿ ಲುಡ್ವಿಗ್ ಹಾಲ್ಬರ್‌ಸ್ಟೇಟರ್ ಮತ್ತು ಸ್ಟಾನಿಸ್ಲಾಸ್ ಫಾನ್ ಪ್ರೊವಾಜೆಕ್ ಎಂಬಿಬ್ಬರು ಟ್ರಕೋಮ ರೋಗಿಗಳ ಕಣ್ಣಿನ ಒಳಪದರದಿಂದ ಕೆರೆದು ತೆಗೆದದ್ದನ್ನು ಒರಾಂಗುಟಾನ್‌ಗಳ ಕಣ್ಣಿಗೆ ಹಾಕಿದರು. ಮುಂದೆ ಆ ಪ್ರಾಣಿಗಳ ಕಣ್ಣಿನ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೋಶದೊಳಗೆ ಚುಕ್ಕೆಗಳ ಗುಂಪುಗಳು ಕಂಡವು. ಕೋಶದ ಹೊರಗೆ ಯಾವ ತಟ್ಟೆಯಲ್ಲಿ ಇಟ್ಟರೂ ಬೆಳೆಯಲೊಲ್ಲದ ಇದನ್ನು ವೈರಸ್ ಎಂದೇ ದಶಕಗಳ ಕಾಲ ನಂಬಲಾಗಿತ್ತು. 1957ರಲ್ಲಿ ಬೀಜಿಂಗ್‌ನ ಟಾಂಗ್ ಫೇಫಾನ್ ಅವರ ತಂಡ ಕೋಳಿಮೊಟ್ಟೆಯ ಹಳದಿ ಚೀಲದಲ್ಲಿ ಇದನ್ನು ಬೆಳೆಸಿ ತೋರಿಸಿತು. ಎರಡು ವರ್ಷದ ಬಳಿಕ ಲಂಡನ್ನಿನಲ್ಲಿ, ಕಣ್ಣುಬೇನೆ ಬಂದಿದ್ದ ಎಳೆಗೂಸೊಂದರ ತಾಯಿಯ ಗರ್ಭಕಂಠದಿಂದ ಅದೇ ಜೀವಿಯನ್ನು ಬೇರ್ಪಡಿಸಲಾಯಿತು. ಕಣ್ಣಿಗೂ ಜನನಾಂಗಕ್ಕೂ ಇರುವ ನಂಟು ಪ್ರಯೋಗಾಲಯದಲ್ಲಿ ಸಾಬೀತಾದದ್ದು ಹಾಗೆ.

ಒಂದೇ ಬ್ಯಾಕ್ಟೀರಿಯಾದ ಬೇರೆ ಬೇರೆ ತಳಿಗಳು ಇವು. ಕೆಲವು ತಳಿಗಳು ಟ್ರಕೋಮ ತಂದು ಕಣ್ಣು ಕಳೆಯುತ್ತವೆ. ಇನ್ನು ಕೆಲವು ಜನನಾಂಗದ ಒಳಪದರದಲ್ಲಿ ನೆಲೆಸುತ್ತವೆ. ಮೂರನೆಯ ಗುಂಪೊಂದು ತೊಡೆಸಂದಿನ ಗ್ರಂಥಿಗಳಿಗೆ ಬಾವು ಬರಿಸುತ್ತದೆ. ಇವುಗಳಲ್ಲಿ ಕಣ್ಣಿನ ರೋಗವನ್ನು ಭಾರತ ಸೋಲಿಸಿದೆ. ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಟ್ರಕೋಮ ಇಲ್ಲಿ ಕೊನೆಗೊಂಡಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ಮಾನ್ಯ ಮಾಡಿತು. ದಶಕಗಳ ಕೆಲಸದ ಫಲ ಅದು, ಹೆಮ್ಮೆಪಡಬೇಕಾದದ್ದೇ. ಆದರೆ ಕೆಂಪಾದ ಕಣ್ಣು ಎಲ್ಲರಿಗೂ ಕಾಣುತ್ತದೆ. ಶಾಲೆಯ ಮೇಷ್ಟ್ರು ಮಗುವನ್ನು ಕರೆದು ರೆಪ್ಪೆ ಎತ್ತಿ ನೋಡಬಹುದು, ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ಎಣಿಸಬಹುದು. ಅದೇ ಬ್ಯಾಕ್ಟೀರಿಯಾದ ಇನ್ನೊಂದು ತಳಿಯ ವಿಷಯದಲ್ಲಿ ನಾವು ಎಲ್ಲಿದ್ದೇವೆ ಎಂದು ಕೇಳಿದರೆ ಉತ್ತರ ಕೊಡುವವರು ಸಿಗುವುದಿಲ್ಲ. ಕಾಣುವುದಕ್ಕೆ ಮದ್ದು ಕೊಡುವ ವ್ಯವಸ್ಥೆಯನ್ನು ನಾವು ಚೆನ್ನಾಗಿಯೇ ಕಟ್ಟಿದ್ದೇವೆ. ಕಾಣದ್ದನ್ನು ಹುಡುಕುವ ವ್ಯವಸ್ಥೆಯನ್ನು ಇನ್ನೂ ಕಟ್ಟಿಲ್ಲ ಎಂಬುದೇ ಈ ಸೋಂಕಿನ ವಿಷಯದಲ್ಲಿ ನನ್ನ ಮುಖ್ಯ ತಕರಾರು.

ಅದು ಕಾಣದಿರುವುದಕ್ಕೆ ಕಾರಣ ಅದು ಬದುಕುವ ರೀತಿಯಲ್ಲೇ ಇದೆ. ಕ್ಲಮೀಡಿಯಕ್ಕೆ ಎರಡು ರೂಪ. ಹೊರಗಿರುವಾಗ ಅದು ಬೀಜದ ಹಾಗೆ: ಗಟ್ಟಿ ಹೊದಿಕೆ, ಬೆಳವಣಿಗೆ ಇಲ್ಲ, ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದ ಮೂರನೇ ಒಂದಂಶದಷ್ಟು ಗಾತ್ರ. ನಮ್ಮ ಜೀವಕೋಶವನ್ನು ಹೊಕ್ಕ ಮೇಲೆ ಮೊಳೆತು, ಕೋಶದೊಳಗೇ ಒಂದು ಕೋಣೆ ಮಾಡಿಕೊಂಡು, ಆ ಕೋಶದ ಆಹಾರವನ್ನೇ ಉಂಡು ಇಬ್ಭಾಗವಾಗುತ್ತ ಹೋಗುತ್ತದೆ. ಎರಡು ಮೂರು ದಿನದಲ್ಲಿ ಮತ್ತೆ ಗಟ್ಟಿ ರೂಪ ತಾಳಿ ಹೊರಬಿದ್ದು ಪಕ್ಕದ ಕೋಶಗಳಿಗೆ ನುಗ್ಗುತ್ತದೆ. ಕೋಶದೊಳಗೆ ಅಡಗಿರುವುದರಿಂದ ದೇಹದ ರಕ್ಷಣಾ ಪಡೆ ಗದ್ದಲ ಎಬ್ಬಿಸುವುದು ತಡ. ಗೊನೋರಿಯ ಬಂದ ಗಂಡಸನ್ನು ಕೆಲವೇ ದಿನಗಳಲ್ಲಿ ಸುರಿಯುವ ಕೀವು ಡಾಕ್ಟರ ಬಳಿ ಓಡಿಸುತ್ತದೆ. ಕ್ಲಮೀಡಿಯ ಬಂದ ಗಂಡಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ, ಹೆಂಗಸರಲ್ಲಿ ಹತ್ತರಲ್ಲಿ ಏಳಕ್ಕೂ ಹೆಚ್ಚು ಮಂದಿಗೆ ಏನೂ ಗೊತ್ತಾಗುವುದಿಲ್ಲ.

ಗೊತ್ತಾಗುವವರಿಗೂ ಲಕ್ಷಣಗಳು ಮಾಮೂಲಿ ತೊಂದರೆಗಳ ವೇಷದಲ್ಲೇ ಬರುತ್ತವೆ. ಸಾಮಾನ್ಯವಾಗಿ ಸೋಂಕು ತಗುಲಿ ಒಂದರಿಂದ ಮೂರು ವಾರದಲ್ಲಿ ಗಂಡಸರಿಗೆ ಉರಿಮೂತ್ರ, ಬೆಳಿಗ್ಗೆ ಎದ್ದಾಗ ತುದಿಯಲ್ಲಿ ತೆಳ್ಳನೆಯ ಸ್ರಾವ, ಅಪರೂಪಕ್ಕೆ ಒಂದು ಕಡೆಯ ವೃಷಣದಲ್ಲಿ ನೋವು, ಊತ. ಹೆಂಗಸರಿಗೆ ಬಿಳಿ ಸೆರಗು ಹೆಚ್ಚಾಗುವುದು, ಸಂಭೋಗದ ನಂತರ ಅಥವಾ ಎರಡು ಮುಟ್ಟಿನ ನಡುವೆ ರಕ್ತ ಕಾಣಿಸುವುದು, ಕಿಬ್ಬೊಟ್ಟೆಯಲ್ಲಿ ಮಂದ ನೋವು. ಇದರಲ್ಲಿ ಯಾವುದಕ್ಕೆ ನಮ್ಮ ಹೆಣ್ಣುಮಕ್ಕಳು ಕೆಲಸ ಬಿಟ್ಟು ಆಸ್ಪತ್ರೆಗೆ ಹೋಗುತ್ತಾರೆ? ‘ಉಷ್ಣ ಆಗಿದೆ’ ಅಂದುಕೊಂಡು ಮೆಂತ್ಯ ನೆನೆಸಿದ ನೀರು ಕುಡಿದು, ಎಳನೀರು ಕುಡಿದು ಸುಮ್ಮನಾಗುತ್ತಾರೆ. ಗಂಡಸರು ಮೆಡಿಕಲ್ ಶಾಪಿಗೆ ಹೋಗಿ, ಪಕ್ಕದಲ್ಲಿ ನಿಂತವರು ಹೋಗುವವರೆಗೆ ಕಾದು, ‘ಸಾರ್, ಉರಿಮೂತ್ರಕ್ಕೆ ಏನಾದ್ರೂ ಕೊಡಿ’ ಎನ್ನುತ್ತಾರೆ. ಒಂದು ಸಿರಪ್ಪು, ಕೈಗೆ ಸಿಕ್ಕ ಆ್ಯಂಟಿಬಯೊಟಿಕ್‌ನ ಮೂರು ಮಾತ್ರೆ. ಎರಡು ದಿನಕ್ಕೆ ಉರಿ ಕಡಿಮೆಯಾಗುತ್ತದೆ. ಸೋಂಕು ಹೋಯಿತೇ ಇಲ್ಲವೇ ಎಂದು ನೋಡಿದವರು ಯಾರೂ ಇಲ್ಲ.

ಏನೂ ಅನ್ನಿಸದ ಸೋಂಕಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದು ಕೇಳಬಹುದು. ಎಷ್ಟೋ ಸೋಂಕುಗಳು ಚಿಕಿತ್ಸೆ ಇಲ್ಲದೆಯೂ ತಿಂಗಳುಗಳಲ್ಲಿ ತಾವಾಗಿಯೇ ಹೋಗುತ್ತವೆ, ಅದು ನಿಜ. ಹೋಗದೆ ಉಳಿದವು ಗರ್ಭಕಂಠದಿಂದ ಮೇಲೇರುತ್ತವೆ. ಚಿಕಿತ್ಸೆ ಪಡೆಯದ ಹೆಂಗಸರಲ್ಲಿ ನೂರಕ್ಕೆ ಹತ್ತು ಹದಿನೈದು ಮಂದಿಗೆ ಗರ್ಭಕೋಶ, ಅಂಡನಾಳಗಳ ಉರಿಯೂತ ಬರಬಹುದು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತ ಬಂದಿದೆ. ಅಂಡನಾಳದ ಒಳಗೋಡೆಯಲ್ಲಿ ಸೂಕ್ಷ್ಮ ರೋಮಗಳಿವೆ. ಅಂಡವನ್ನು ಗರ್ಭಕೋಶದ ಕಡೆಗೆ ಸಾಗಿಸುವುದು ಅವುಗಳ ಬಡಿತ. ಸೋಂಕನ್ನು ಎದುರಿಸಲು ಬಂದ ದೇಹದ ಪಡೆಯೇ ಈ ಗೋಡೆಗೆ ಗಾಯ ಮಾಡಿ ಕಲೆ ಉಳಿಸುತ್ತದೆ. ಒಂದೊಂದು ಸಲ ಮರುಸೋಂಕು ತಗುಲಿದಾಗಲೂ ಅಪಾಯ ಹೆಚ್ಚುತ್ತದೆ. ನಾಳ ಪೂರ್ತಿ ಮುಚ್ಚಿಕೊಂಡರೆ ಬಂಜೆತನ. ಅರ್ಧ ಮುಚ್ಚಿದರೆ ಭ್ರೂಣ ನಾಳದಲ್ಲೇ ಸಿಕ್ಕಿಕೊಂಡು ಬೆಳೆಯುವ, ಜೀವಕ್ಕೇ ಎರವಾಗಬಲ್ಲ ಗರ್ಭ. ಕೆಲವರಲ್ಲಿ ಉರಿಯೂತ ಯಕೃತ್ತಿನ ಸುತ್ತಲಿನ ಪದರಕ್ಕೂ ಹಬ್ಬಿ ಬಲಪಕ್ಕೆಲುಬಿನ ಕೆಳಗೆ ಚುಚ್ಚುತ್ತದೆ. ಪಿತ್ತಕೋಶದ ಕಲ್ಲು ಹುಡುಕಲು ಸ್ಕ್ಯಾನ್ ಮಾಡಿಸಿ, ಏನೂ ಸಿಗದೆ, ಗ್ಯಾಸ್ಟ್ರಿಕ್ ಮಾತ್ರೆ ಬರೆಸಿಕೊಂಡು ಬರುವ ಹೆಣ್ಣುಮಕ್ಕಳಲ್ಲಿ ಒಬ್ಬಿಬ್ಬರ ಕಥೆ ಇದಾಗಿರಬಹುದು.

ಹೀಗಾಗಿ ನಮ್ಮಲ್ಲಿ ಈ ಸೋಂಕಿನ ಹೆಸರು ಮೊದಲ ಬಾರಿ ಕಿವಿಗೆ ಬೀಳುವುದು ಹೆಚ್ಚಾಗಿ ಸಂತಾನ ಚಿಕಿತ್ಸಾ ಕೇಂದ್ರದಲ್ಲಿ. ಮದುವೆಯಾಗಿ ವರ್ಷಗಳಾಗಿ, ಹರಕೆ, ನಾಗಪ್ರತಿಷ್ಠೆ ಎಲ್ಲ ಮುಗಿದ ಮೇಲೆ ‘ಟ್ಯೂಬ್ ಬ್ಲಾಕ್ ಆಗಿದೆ’ ಎಂಬ ಮಾತು ಬರುತ್ತದೆ. ಭಾರತದಲ್ಲಿ ನಾಳ ಮುಚ್ಚುವುದಕ್ಕೆ ಜನನಾಂಗದ ಕ್ಷಯವೂ ದೊಡ್ಡ ಕಾರಣ, ಎಲ್ಲವನ್ನೂ ಕ್ಲಮೀಡಿಯದ ತಲೆಗೆ ಕಟ್ಟುವಂತಿಲ್ಲ. ಆದರೂ ಕ್ಲಮೀಡಿಯದ ಪಾಲು ಎಷ್ಟಿದೆಯೋ ಅಷ್ಟನ್ನೂ ಹಿಂದೆ ಯಾವಾಗಲೋ ಒಂದು ಪರೀಕ್ಷೆ, ಒಂದು ವಾರದ ಮಾತ್ರೆ ತಡೆಯಬಹುದಿತ್ತು. ಬಂದ ಕಲೆಯನ್ನು ಯಾವ ಮಾತ್ರೆಯೂ ಅಳಿಸದು. ಸೋಂಕು ಗಂಡನಿಂದ ಬಂದಿದ್ದರೂ ‘ಮಕ್ಕಳಾಗದವಳು’ ಎಂಬ ಹೆಸರು ಹೆಂಡತಿಗೇ ಅಂಟುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಸುರಿಯಲ್ಲಿ ಸೋಂಕಿದ್ದರೆ ಹೆರಿಗೆಯ ಹೊತ್ತಿನಲ್ಲಿ ಮಗುವಿಗೂ ತಗುಲುತ್ತದೆ. ಹುಟ್ಟಿದ ಐದರಿಂದ ಹದಿನಾಲ್ಕು ದಿನದೊಳಗೆ ಕಣ್ಣು ಊದಿ ಪಿಸುರು ಕಟ್ಟುತ್ತದೆ. ಒಂದರಿಂದ ಮೂರು ತಿಂಗಳ ನಡುವೆ, ಜ್ವರವೇ ಇಲ್ಲದೆ, ಬಿಟ್ಟು ಬಿಟ್ಟು ಕೆಮ್ಮುವ ನ್ಯುಮೋನಿಯ ಬರಬಹುದು. ತಾಯಿ ಕಾರ್ಡಿನಲ್ಲಿ ಎಚ್‌ಐವಿ ಪರೀಕ್ಷೆಗೆ ಜಾಗವಿದೆ, ಸಿಫಿಲಿಸ್‌ಗೆ ಜಾಗವಿದೆ. ಎಲ್ಲ ಬಸುರಿಯರಿಗೂ ಮಾಡುವ ಪರೀಕ್ಷೆಗಳಲ್ಲಿ ಕ್ಲಮೀಡಿಯ ಇಲ್ಲ.

ಹಾಗೆಂದು ಸರ್ಕಾರ ಕೈಕಟ್ಟಿ ಕುಳಿತಿದೆ ಎನ್ನುವುದು ಅನ್ಯಾಯವಾದೀತು. ಜಿಲ್ಲಾ ಆಸ್ಪತ್ರೆಗಳಲ್ಲಿ, ಮೆಡಿಕಲ್ ಕಾಲೇಜುಗಳಲ್ಲಿ ‘ಸುರಕ್ಷಾ ಕ್ಲಿನಿಕ್’ ಎಂಬ ಫಲಕವಿರುವ ಕೋಣೆ ಇರುತ್ತದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, ಲೈಂಗಿಕ ಸೋಂಕುಗಳ ಚಿಕಿತ್ಸೆಗೆಂದೇ ರೂಪಿಸಿದ ವ್ಯವಸ್ಥೆ ಅದು. ಆಪ್ತಸಮಾಲೋಚಕರು ಇರುತ್ತಾರೆ, ಔಷಧಿ ಉಚಿತ, ವಿಷಯ ಹೊರಗೆ ಹೋಗುವಂತಿಲ್ಲ. ಲಾಡ್ಜಿನ ಡಾಕ್ಟರಿಗೆ ಸಾವಿರಗಟ್ಟಲೆ ಸುರಿಯುವವರಲ್ಲಿ ಹೆಚ್ಚಿನವರಿಗೆ ಹೀಗೊಂದು ಕೋಣೆ ಇದೆ ಎಂದೇ ತಿಳಿಯದು. ಗೋಡೆಯ ಮೇಲೆ ಚೀಟಿ ಅಂಟಿಸುವುದನ್ನು ಸರ್ಕಾರ ಕಲಿಯಲಿಲ್ಲ.

ಈ ಕ್ಲಿನಿಕ್‌ಗಳು ವರ್ಷಗಳಿಂದ ಹಂಚುತ್ತ ಬಂದದ್ದು ಬಣ್ಣದ ಕಿಟ್‌ಗಳನ್ನು. ಬೂದು, ಹಸಿರು, ಬಿಳಿ, ನೀಲಿ, ಕೆಂಪು, ಹಳದಿ, ಕಪ್ಪು, ಹೀಗೆ ಏಳು. ತರ್ಕ ಸರಳ. ಲ್ಯಾಬ್ ಇಲ್ಲದ ಊರಿನಲ್ಲಿ ಪರೀಕ್ಷೆ ಬರೆದರೆ ರೋಗಿ ಎರಡನೇ ಸಲ ಬರುವುದಿಲ್ಲ. ಹಾಗಾಗಿ ಯಾವ ರೋಗಾಣು ಎಂದು ಹುಡುಕುತ್ತ ಕೂರುವ ಬದಲು ಲಕ್ಷಣ ಕೇಳಿ, ಆ ಲಕ್ಷಣಕ್ಕೆ ಕಾರಣವಾಗಬಹುದಾದ ಎಲ್ಲದಕ್ಕೂ ಸೇರಿಸಿ ಒಂದೇ ಸಲ ಔಷಧಿ ಕೊಟ್ಟು ಕಳಿಸುವುದು. 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಬಡ ದೇಶಗಳಿಗೆ ಸೂಚಿಸಿದ ದಾರಿ ಇದು. ಶಿಶ್ನದಿಂದ ಸ್ರಾವ ಎಂದು ಬಂದ ಗಂಡಸಿಗೆ ಬೂದು ಕಿಟ್: ಒಂದು ಗ್ರಾಂ ಅಜಿತ್ರೋಮೈಸಿನ್, ನಾನೂರು ಮಿಲಿಗ್ರಾಂ ಸೆಫಿಕ್ಸಿಮ್. ಕ್ಲಮೀಡಿಯಕ್ಕೂ ಗೊನೋರಿಯಕ್ಕೂ ಒಟ್ಟಿಗೆ ಮದ್ದು. ಗಂಡಸರ ವಿಷಯದಲ್ಲಿ ಈ ಲೆಕ್ಕ ಬಹುಮಟ್ಟಿಗೆ ಸರಿಬರುತ್ತದೆ.

ಹೆಂಗಸರಲ್ಲಿ ಎಡವುತ್ತದೆ. ‘ಬಿಳಿ ಹೋಗ್ತಿದೆ ಮೇಡಂ’ ಎಂದು ಬಂದವಳಿಗೆ ಸ್ರಾವ ಯೋನಿಯದ್ದೋ ಗರ್ಭಕಂಠದ್ದೋ ಎಂದು ಸ್ಪೆಕ್ಯುಲಮ್ ಹಾಕಿ ನೋಡಿ ತೀರ್ಮಾನಿಸಬೇಕು. ಯೋನಿಯದ್ದಾದರೆ ಹಸಿರು ಕಿಟ್. ಅದರಲ್ಲಿರುವುದು ಸೆಕ್ನಿಡಝೋಲ್ ಮತ್ತು ಫ್ಲುಕೊನಝೋಲ್. ಕ್ಲಮೀಡಿಯದ ಮೇಲೆ ಎರಡರಿಂದಲೂ ಏನೂ ಆಗದು. ಗರ್ಭಕಂಠದ್ದಾದರೆ ಬೂದು. ಹೊರಗೆ ಎಂಬತ್ತು ಜನ ಕಾಯುತ್ತಿರುವಾಗ, ಪರದೆ ಸರಿಯಿಲ್ಲದ ಕೋಣೆಯಲ್ಲಿ, ಆ ಪರೀಕ್ಷೆ ಎಷ್ಟು ಸಲ ನಡೆದೀತು? ಇಷ್ಟಾಗಿ, ಬಿಳಿ ಸೆರಗಿನ ಬಹುಪಾಲು ಕಾರಣ ಲೈಂಗಿಕ ಸೋಂಕೇ ಅಲ್ಲ. ಕ್ಲಮೀಡಿಯ ಇರುವ ಬಹುಪಾಲು ಹೆಂಗಸರಿಗೆ ಬಿಳಿ ಸೆರಗಿನ ದೂರೂ ಇಲ್ಲ. ‘ಏನು ತೊಂದರೆ?’ ಎಂಬ ಪ್ರಶ್ನೆಯಿಂದ ಶುರುವಾಗುವ ಯಾವ ಚಿಕಿತ್ಸೆಯೂ ತೊಂದರೆ ಇಲ್ಲದವರನ್ನು ತಲುಪದು.

ಕುತೂಹಲದ ಸಂಗತಿಯೆಂದರೆ ಈ ಕೊರತೆಯನ್ನು ಕರ್ನಾಟಕದಲ್ಲಿ ಒಂದು ಗುಂಪಿಗಾದರೂ ನೀಗಿಸಲು ನೋಡಿದ್ದಾರೆ. 2003ರಲ್ಲಿ ಗೇಟ್ಸ್ ಪ್ರತಿಷ್ಠಾನದ ಹಣದಿಂದ ಆರಂಭವಾದ ‘ಆವಾಹನ್’ ಎಚ್‌ಐವಿ ತಡೆ ಕಾರ್ಯಕ್ರಮದಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರು ಲಕ್ಷಣ ಇರಲಿ ಬಿಡಲಿ ಕ್ಲಿನಿಕ್ಕಿಗೆ ಬಂದು ತಪಾಸಣೆ ಮಾಡಿಸಿಕೊಳ್ಳುವ ಏರ್ಪಾಡಿತ್ತು. ಮೈಸೂರಿನ ಆಶೋದಯ ಸಮಿತಿಯಂಥ ಅವರದೇ ಸಂಘಟನೆಗಳು ಅದನ್ನು ಮುಂದಕ್ಕೆ ಒಯ್ದವು. ಮೂರು ತಿಂಗಳಿಗೊಮ್ಮೆ ತಪಾಸಣೆ ಎಂಬುದು ನ್ಯಾಕೋದ ಕಾರ್ಯಕ್ರಮಗಳಲ್ಲೂ ನಿಯಮ. ಅಂದರೆ ಸಮಾಜ ತಿರಸ್ಕಾರದಿಂದ ನೋಡುವ ಹೆಣ್ಣಿಗೆ ಈ ವಿಷಯದಲ್ಲಿ ಮರ್ಯಾದಸ್ಥ ಗೃಹಿಣಿಗಿಂತ ಒಳ್ಳೆಯ ಆರೈಕೆ ಸಿಗುವ ಸಾಧ್ಯತೆ ಇದೆ. ಗೃಹಿಣಿ ಯಾವ ಅಪಾಯದ ಪಟ್ಟಿಯಲ್ಲೂ ಇಲ್ಲ.

ಇನ್ನು ಪರೀಕ್ಷೆ. ಕೇಳಿ ಮಾಡಿಸಬೇಕಾದದ್ದು ಪಿಸಿಆರ್ ಅಥವಾ ಅದೇ ಬಗೆಯ, ಬ್ಯಾಕ್ಟೀರಿಯಾದ ವಂಶವಾಹಿಯನ್ನು ಹಿಗ್ಗಿಸಿ ಹುಡುಕುವ ಪರೀಕ್ಷೆ. ಕೋವಿಡ್ ಪುಣ್ಯದಿಂದ ಪಿಸಿಆರ್ ಎಂಬುದು ಹಳ್ಳಿ ಹಳ್ಳಿಗೂ ಗೊತ್ತು, ವಿವರಿಸುವ ಕಷ್ಟ ತಪ್ಪಿತು. ಗಂಡಸರಾದರೆ ಮೂತ್ರ ಸಾಕು. ಆದರೆ ಇಲ್ಲೊಂದು ಗೊಂದಲವಿದೆ. ಮಾಮೂಲಿ ಮೂತ್ರ ಪರೀಕ್ಷೆಗೆ ‘ಮೊದಲು ಸ್ವಲ್ಪ ಬಿಟ್ಟು, ನಡುವಿನದ್ದು ಹಿಡಿಯಿರಿ’ ಎಂದು ಲ್ಯಾಬಿನವರು ಹೇಳುತ್ತಾರಲ್ಲ, ಇಲ್ಲಿ ಅದಕ್ಕೆ ತದ್ವಿರುದ್ಧ. ಕನಿಷ್ಠ ಒಂದು ಗಂಟೆ ಮೂತ್ರ ಮಾಡದೆ ಇದ್ದು, ಮೊದಲು ಬರುವ ಇಪ್ಪತ್ತು ಮೂವತ್ತು ಮಿಲಿಲೀಟರನ್ನೇ ಹಿಡಿಯಬೇಕು. ನಾಳದ ಗೋಡೆಯಲ್ಲಿ ಕುಳಿತ ಸೋಂಕಿತ ಕೋಶಗಳನ್ನು ತೊಳೆದು ತರುವುದು ಆ ಮೊದಲ ಧಾರೆಯೇ. ಲ್ಯಾಬಿನ ಹುಡುಗ ಅಭ್ಯಾಸಬಲದಿಂದ ನಡುವಿನದ್ದು ಕೇಳಿದರೆ, ‘ಇದು ಕ್ಲಮೀಡಿಯ ಪಿಸಿಆರ್, ಮೊದಲಿನದ್ದೇ ಬೇಕಲ್ವಾ’ ಎಂದು ವಿಚಾರಿಸುವುದರಲ್ಲಿ ತಪ್ಪಿಲ್ಲ.

ಹೆಂಗಸರಲ್ಲೂ ಮೂತ್ರದಿಂದ ಪತ್ತೆ ಮಾಡಬಹುದು, ಆದರೆ ಯೋನಿಯಿಂದ ತೆಗೆದ ಸ್ವಾಬ್ ಅದಕ್ಕಿಂತ ಹೆಚ್ಚು ಸೋಂಕುಗಳನ್ನು ಹಿಡಿಯುತ್ತದೆ. ಅದನ್ನು ಡಾಕ್ಟರೇ ತೆಗೆಯಬೇಕೆಂದಿಲ್ಲ. ಬಚ್ಚಲುಮನೆಗೆ ಹೋಗಿ, ಹತ್ತಿ ಸುತ್ತಿದಂಥ ಮೆದು ತುದಿಯ ಕಡ್ಡಿಯನ್ನು ಒಂದೆರಡು ಇಂಚು ಒಳಗೆ ಇಟ್ಟು ಅರ್ಧ ನಿಮಿಷ ತಿರುಗಿಸಿ ಟ್ಯೂಬಿಗೆ ಹಾಕಿದರೆ ಮುಗಿಯಿತು. ಹೆಣ್ಣು ತಾನೇ ತೆಗೆದ ಮಾದರಿ ವೈದ್ಯರು ತೆಗೆದದ್ದರಷ್ಟೇ ನಂಬಿಕಸ್ಥ ಎಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಮೇಜಿನ ಮೇಲೆ ಕಾಲು ಅಗಲಿಸಿ ಮಲಗುವ ಭಯಕ್ಕೇ ಪರೀಕ್ಷೆ ಮುಂದೂಡುವವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಇಲ್ಲ. ಗುದಸಂಭೋಗ, ಮುಖಸಂಭೋಗ ನಡೆದಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಬೇಕು. ಆ ಜಾಗಗಳ ಸೋಂಕು ಮೂತ್ರದಲ್ಲಿ ಸಿಗುವುದಿಲ್ಲ, ಪ್ರತ್ಯೇಕ ಸ್ವಾಬ್ ಬೇಕು. ಪುರುಷರೊಡನೆ ಸಂಬಂಧವಿರುವ ಪುರುಷರಲ್ಲಿ ಮೂತ್ರದ ವರದಿ ಮಾತ್ರ ನೋಡಿ ‘ಏನಿಲ್ಲ’ ಎಂದು ಕಳಿಸಿಬಿಟ್ಟರೆ ಬಹಳಷ್ಟು ಸೋಂಕು ತಪ್ಪಿಹೋಗುತ್ತದೆ.

ರಕ್ತದಲ್ಲಿ ಕ್ಲಮೀಡಿಯದ ವಿರುದ್ಧದ ಐಜಿಜಿ, ಐಜಿಎಂ ಪ್ರತಿಕಾಯಗಳನ್ನು ನೋಡುವ ಪರೀಕ್ಷೆಗಳೂ ನಮ್ಮ ಲ್ಯಾಬುಗಳ ದರಪಟ್ಟಿಯಲ್ಲಿವೆ. ಜನನಾಂಗದಲ್ಲಿ ಈಗ ಸೋಂಕಿದೆಯೇ ಎಂಬುದನ್ನು ಅವು ಹೇಳಲಾರವು. ಐಜಿಜಿ ಪಾಸಿಟಿವ್ ಎಂದರೆ ಎಂದೋ ಒಮ್ಮೆ ಭೇಟಿಯಾಗಿತ್ತು ಎಂದಷ್ಟೇ, ಅದೂ ಕೆಲವು ಪರೀಕ್ಷೆಗಳಲ್ಲಿ ಉಸಿರಾಟದ ಸೋಂಕು ತರುವ ಇನ್ನೊಂದು ಜಾತಿಯ ಕ್ಲಮೀಡಿಯ ಇದ್ದರೂ ಪಾಸಿಟಿವ್ ಬರುತ್ತದೆ. ಆ ಒಂದು ಕಾಗದ ಹಿಡಿದು ಗಂಡಹೆಂಡಿರು ಜಗಳವಾಡುವುದಕ್ಕಾಗಲೀ, ಮಾತ್ರೆ ನುಂಗುವುದಕ್ಕಾಗಲೀ ಅರ್ಥವಿಲ್ಲ. ಅಸುರಕ್ಷಿತ ಸಂಪರ್ಕವಾದ ಮರುದಿನವೇ ಓಡಿಹೋಗಿ ಪಿಸಿಆರ್ ಮಾಡಿಸಿದರೂ ಪ್ರಯೋಜನ ಕಡಿಮೆ. ಎರಡು ವಾರ ಬಿಟ್ಟು ಮಾಡಿಸಿದ ವರದಿಯನ್ನು ನಂಬಬಹುದು. ಲಕ್ಷಣ ಕಂಡರೆ ಮಾತ್ರ ಕಾಯಬೇಡಿ.

ದುಡ್ಡಿನ ಮಾತು. ಖಾಸಗಿ ಲ್ಯಾಬುಗಳು ಏಳೆಂಟು ರೋಗಾಣುಗಳನ್ನು ಒಟ್ಟಿಗೆ ಹುಡುಕುವ ಪ್ಯಾನೆಲ್ ಮಾರಲು ನೋಡುತ್ತವೆ, ಅದಕ್ಕೆ ಸಾವಿರಗಳಲ್ಲಿ ಬೆಲೆ. ಕ್ಲಮೀಡಿಯ, ಗೊನೋರಿಯ ಎರಡೇ ಸಾಕು ಎಂದರೆ ಕಡಿಮೆಯಾಗುವುದುಂಟು, ಕೇಳಬೇಕು. ಇದರ ಜೊತೆ ಎಚ್‌ಐವಿ, ಸಿಫಿಲಿಸ್ ರಕ್ತಪರೀಕ್ಷೆಯನ್ನೂ ಮಾಡಿಸುವುದು ಸರಿ, ಅವು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ನನ್ನನ್ನು ಕಾಡುವ ಸಂಗತಿ ಬೇರೆ. ಕ್ಷಯ ಪತ್ತೆಗೆಂದು ದೇಶದ ಜಿಲ್ಲಾ ಆಸ್ಪತ್ರೆಗಳಲ್ಲಿ ಜೀನ್‌ಎಕ್ಸ್‌ಪರ್ಟ್ ಯಂತ್ರಗಳಿವೆ. ಅದೇ ಯಂತ್ರಕ್ಕೆ ಬೇರೆ ಕಾರ್ಟ್ರಿಜ್ ಹಾಕಿದರೆ ಸುಮಾರು ಒಂದೂವರೆ ಗಂಟೆಯಲ್ಲಿ ಕ್ಲಮೀಡಿಯ, ಗೊನೋರಿಯ ಎರಡರ ಉತ್ತರವೂ ಸಿಗುತ್ತದೆ. ಯಂತ್ರ ಕೊಂಡಾಗಿದೆ, ನಡೆಸುವ ಕೈಗಳಿವೆ. ಕಾರ್ಟ್ರಿಜ್‌ನ ಬೆಲೆ ಮತ್ತು ಇದೊಂದು ಸಮಸ್ಯೆ ಎಂದು ಒಪ್ಪುವ ಮನಸ್ಸು, ಇವೆರಡು ಬೇಕು.

ಪರೀಕ್ಷೆ ಎಷ್ಟೇ ಚೆನ್ನಾಗಿದ್ದರೂ ಕಣ್ಣು ಮುಚ್ಚಿ ನಂಬುವಂತಿಲ್ಲ ಎಂಬುದಕ್ಕೆ ಸ್ವೀಡನ್ನಿನಲ್ಲಿ ನಡೆದದ್ದನ್ನು ಹೇಳಬೇಕು. 2006ರಲ್ಲಿ ಆ ದೇಶದ ಹಾಲಂಡ್ ಎಂಬ ಪ್ರಾಂತದಲ್ಲಿ ಕ್ಲಮೀಡಿಯ ಪ್ರಕರಣಗಳು ಇದ್ದಕ್ಕಿದ್ದಂತೆ ಕಾಲುಭಾಗದಷ್ಟು ಇಳಿದವು. ಬೇರೆಯವರಾಗಿದ್ದರೆ ಜಾಗೃತಿ ಅಭಿಯಾನದ ಯಶಸ್ಸು ಎಂದು ಸನ್ಮಾನ ಇಟ್ಟುಕೊಳ್ಳುತ್ತಿದ್ದರೋ ಏನೋ. ಅಲ್ಲಿನ ಲ್ಯಾಬಿನವರಿಗೆ ಅನುಮಾನ ಬಂತು. ಬೇರೆ ವಿಧಾನದಿಂದ ಹುಡುಕಿದರೆ, ಆ ಬ್ಯಾಕ್ಟೀರಿಯಾದ ವಂಶವಾಹಿಯಲ್ಲಿ ಒಂದು ತುಂಡೇ ಬಿಟ್ಟುಹೋದ ಹೊಸ ತಳಿ ಹುಟ್ಟಿಕೊಂಡಿತ್ತು. ಆಗ ಬಳಕೆಯಲ್ಲಿದ್ದ ಎರಡು ದೊಡ್ಡ ಕಂಪನಿಗಳ ಕಿಟ್‌ಗಳು ಹುಡುಕುತ್ತಿದ್ದದ್ದು ಸರಿಯಾಗಿ ಆ ತುಂಡನ್ನೇ. ಆ ತಳಿಯ ಸೋಂಕು ಇದ್ದವರಿಗೆಲ್ಲ ಇಲ್ಲ ಎಂದು ವರದಿ ಹೋಗಿತ್ತು. ಕಂಪನಿಗಳು ಆಮೇಲೆ ಕಿಟ್ ಬದಲಿಸಿದವು. ಕೂತು ಎಣಿಸುವವರು ಇದ್ದದ್ದರಿಂದ ಆ ದೇಶಕ್ಕೆ ಇದು ತಿಳಿಯಿತು.

ಚಿಕಿತ್ಸೆಗೆ ಬಂದರೆ ವಿಷಯ ಸಲೀಸು. ಡಾಕ್ಸಿಸೈಕ್ಲಿನ್ ನೂರು ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಏಳು ದಿನ. ಮಳೆಗಾಲದಲ್ಲಿ ಇಲಿಜ್ವರಕ್ಕೆ ಕೊಡುವ ಅದೇ ಹಳೆಯ, ಅಗ್ಗದ ಮಾತ್ರೆ. ಮೊದಲೆಲ್ಲ ಒಂದೇ ಸಲಕ್ಕೆ ಒಂದು ಗ್ರಾಂ ಅಜಿತ್ರೋಮೈಸಿನ್ ನುಂಗಿಸಿ ಕಳಿಸುವುದೇ ವೈದ್ಯರಿಗೂ ರೋಗಿಗೂ ಇಷ್ಟವಾಗಿತ್ತು. ಗುದದ ಸೋಂಕಿನಲ್ಲಿ ಅದು ಡಾಕ್ಸಿಸೈಕ್ಲಿನ್‌ಗಿಂತ ಸ್ಪಷ್ಟವಾಗಿ ಹಿಂದೆ ಬೀಳುತ್ತದೆ ಎಂದು ಅಧ್ಯಯನಗಳು ತೋರಿಸಿದ ಮೇಲೆ ಅಮೆರಿಕದ 2021ರ ಮಾರ್ಗಸೂಚಿ ಡಾಕ್ಸಿಸೈಕ್ಲಿನ್ ಅನ್ನು ಮುಂದಕ್ಕೆ ತಂದಿತು. ಬ್ರಿಟನ್ನಿನವರು ಅದಕ್ಕೂ ಮೊದಲೇ ಬದಲಿಸಿದ್ದರು. ಕೋವಿಡ್ ಕಾಲದಲ್ಲಿ ನೆಗಡಿಗೂ ಅಜಿತ್ರೋ ನುಂಗಿದ ದೇಶ ನಮ್ಮದು. ಕ್ಲಮೀಡಿಯದ ಜೊತೆಗೇ ಓಡಾಡುವ ಮೈಕೊಪ್ಲಾಸ್ಮ ಎಂಬ ಇನ್ನೊಂದು ರೋಗಾಣು ಈ ಔಷಧಿಗೆ ಜಗ್ಗದ ಹಾಗೆ ಬಲಿತಿರುವುದೂ ಅದನ್ನು ಹಿಂದಿಟ್ಟಿದ್ದಕ್ಕೆ ಒಂದು ಕಾರಣ. ಬಸುರಿಯರಿಗೆ ಮಾತ್ರ ಡಾಕ್ಸಿಸೈಕ್ಲಿನ್ ಕೂಡದು, ಅವರಿಗೆ ಇಂದಿಗೂ ಅಜಿತ್ರೋಮೈಸಿನ್ನೇ. ಹಾಗಾಗಿ ಬಸುರಿನ ಅನುಮಾನವಿದ್ದರೂ ವೈದ್ಯರಿಗೆ ಹೇಳಬೇಕು.

ಮಾತ್ರೆ ನುಂಗುವುದಕ್ಕೂ ಒಂದು ಕ್ರಮವಿದೆ. ಒಂದು ದೊಡ್ಡ ಲೋಟ ನೀರಿನ ಜೊತೆ ನುಂಗಿ ಅರ್ಧ ಗಂಟೆಯಾದರೂ ಕೂತಿರಬೇಕು ಅಥವಾ ಓಡಾಡಬೇಕು. ರಾತ್ರಿ ಮಲಗುವ ಮುಂಚೆ ಗುಟುಕು ನೀರಲ್ಲಿ ನುಂಗಿ ಹಾಸಿಗೆಗೆ ಬಿದ್ದರೆ ಮಾತ್ರೆ ಅನ್ನನಾಳದಲ್ಲೇ ನಿಂತು ಹುಣ್ಣು ಮಾಡುತ್ತದೆ. ಹಾಲು, ಕಬ್ಬಿಣದ ಮಾತ್ರೆ, ಆ್ಯಸಿಡಿಟಿಯ ಸಿರಪ್ಪು ಇವುಗಳ ಜೊತೆ ಬೇಡ. ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ಬಿಸಿಲಿಗೆ ಚರ್ಮ ಬೇಗ ಕಂದುತ್ತದೆ. ಮೂರನೇ ದಿನಕ್ಕೆ ಉರಿ ನಿಂತಿತೆಂದು ಉಳಿದದ್ದನ್ನು ಕಪಾಟಿನಲ್ಲಿ ಎತ್ತಿಡುವುದು ನಮ್ಮ ರಾಷ್ಟ್ರೀಯ ಅಭ್ಯಾಸ, ಇಲ್ಲಿ ಅದು ನಡೆಯದು. ಏಳು ದಿನ ಮುಗಿಯುವವರೆಗೆ ಕಾಂಡೋಮ್ ಇದ್ದರೂ ಸಂಭೋಗ ಬೇಡ ಎನ್ನುವುದು ವೈದ್ಯರ ಸಲಹೆ.

ಎಲ್ಲಕ್ಕಿಂತ ಕಷ್ಟದ ಭಾಗ ಮಾತ್ರೆಯ ಆಚೆ ಇದೆ. ಒಬ್ಬರಿಗೆ ಮಾತ್ರ ಚಿಕಿತ್ಸೆ ಕೊಟ್ಟರೆ ಅದು ಚಿಕಿತ್ಸೆಯೇ ಅಲ್ಲ. ಕಳೆದ ಎರಡು ತಿಂಗಳಲ್ಲಿ ದೈಹಿಕ ಸಂಪರ್ಕವಿದ್ದ ಎಲ್ಲರಿಗೂ ತಿಳಿಸಬೇಕು, ಅವರೂ ಮಾತ್ರೆ ತೆಗೆದುಕೊಳ್ಳಬೇಕು. ಹೆಂಡತಿ ಹುಬ್ಬಳ್ಳಿಯಲ್ಲಿ ಏಳು ದಿನ ಮಾತ್ರೆ ನುಂಗಿ, ಗೋವಾದಲ್ಲಿ ದುಡಿಯುವ ಗಂಡ ಹಬ್ಬಕ್ಕೆ ಬಂದರೆ ಮತ್ತೆ ಮೊದಲಿನಿಂದ ಶುರು. ಅಮೆರಿಕದ ಹಲವು ರಾಜ್ಯಗಳಲ್ಲಿ ಸಂಗಾತಿಯನ್ನು ನೋಡದೆಯೇ ರೋಗಿಯ ಕೈಯಲ್ಲಿ ಅವರಿಗೂ ಔಷಧಿ ಕೊಟ್ಟು ಕಳಿಸಲು ವೈದ್ಯರಿಗೆ ಅವಕಾಶವಿದೆ. ನಮ್ಮಲ್ಲಿ ಆಪ್ತಸಮಾಲೋಚಕರು ‘ಅವರನ್ನೂ ಕರ್ಕೊಂಡ್ ಬನ್ನಿ’ ಎನ್ನುತ್ತಾರೆ. ಎಷ್ಟು ಜನ ಬಂದಾರು?

ಹೇಳುವುದಾದರೂ ಹೇಗೆ? ವರದಿ ಕೈಗೆ ಬಂದ ಕೂಡಲೇ ಮನೆಯಲ್ಲಿ ಏಳುವ ಪ್ರಶ್ನೆ ‘ಯಾರಿಂದ ಬಂತು?’ ಪಿಸಿಆರ್ ಅದಕ್ಕೆ ಉತ್ತರ ಕೊಡುವುದಿಲ್ಲ. ಯಾವಾಗ ಬಂತು ಎಂದೂ ಹೇಳುವುದಿಲ್ಲ. ಲಕ್ಷಣವಿಲ್ಲದೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮಿಕ್ಕಿ ಉಳಿಯುವ ಸೋಂಕು ಇದು. ಮದುವೆಗೆ ಮುಂಚಿನದ್ದೂ ಆಗಿರಬಹುದು. ಮೊದಲು ಪರೀಕ್ಷೆ ಮಾಡಿಸಿಕೊಂಡವರು ಮೊದಲು ಸೋಂಕು ತಂದವರು ಎಂದೂ ಆಗುವುದಿಲ್ಲ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಮೊದಲು ಪರೀಕ್ಷೆಯಾಗುವುದು ಹೆಂಗಸಿಗೇ, ಏಕೆಂದರೆ ಬಸುರು ನಿಲ್ಲದಿದ್ದಾಗ ಆಸ್ಪತ್ರೆಗೆ ಕರೆದೊಯ್ಯುವುದು ಅವಳನ್ನೇ. ಹೊಡೆತ ಬೀಳುವ ಭಯವಿರುವ ಮನೆಯಲ್ಲಿ ‘ಪ್ರಾಮಾಣಿಕವಾಗಿ ಹೇಳಿಬಿಡಿ’ ಎಂಬ ಉಪದೇಶ ಅಪಾಯಕಾರಿ. ಇಬ್ಬರನ್ನೂ ಕೂರಿಸಿ ‘ಇಬ್ಬರಿಗೂ ಇನ್ಫೆಕ್ಷನ್ ಇದೆ, ಇಬ್ಬರೂ ಮಾತ್ರೆ ತಗೊಳ್ಳಿ’ ಎಂದು ತಾವೇ ಹೇಳುವ ವೈದ್ಯರು ಅಂಥಲ್ಲಿ ದೊಡ್ಡ ಉಪಕಾರ ಮಾಡುತ್ತಾರೆ. ಅದನ್ನು ವೈದ್ಯರ ಬಳಿ ಕೇಳಿಕೊಳ್ಳಬಹುದು ಎಂಬುದು ಅನೇಕರಿಗೆ ಹೊಳೆಯುವುದಿಲ್ಲ.

ಹಾಗಾದರೆ ತೊಂದರೆ ಇಲ್ಲದವರಲ್ಲಿ ಯಾರು ಪರೀಕ್ಷೆ ಮಾಡಿಸಬೇಕು? ಲೈಂಗಿಕವಾಗಿ ಸಕ್ರಿಯರಾಗಿರುವ, 25 ವರ್ಷದೊಳಗಿನ ಹೆಂಗಸರೆಲ್ಲ ವರ್ಷಕ್ಕೊಮ್ಮೆ ಎನ್ನುತ್ತದೆ ಅಮೆರಿಕ. ಎಳೆಯ ವಯಸ್ಸಿನ ಗರ್ಭಕಂಠದ ರಚನೆಯೇ ಸೋಂಕಿಗೆ ಹೆಚ್ಚು ತೆರೆದಿರುತ್ತದೆ. ಇಂಗ್ಲೆಂಡ್ 2003ರಲ್ಲಿ ಯುವಜನರಿಗೆಲ್ಲ ಪರೀಕ್ಷೆ ಶುರುಮಾಡಿ, 2021ರಲ್ಲಿ ಮುಖ್ಯ ಗಮನವನ್ನು ಹೆಂಗಸರ ಕಡೆ ತಿರುಗಿಸಿತು, ದೀರ್ಘಕಾಲದ ಹಾನಿ ಅವರಿಗೇ ಎಂಬ ಕಾರಣಕ್ಕೆ. ಅಲ್ಲಿ ಓದಲು ಹೋಗುವ ನಮ್ಮ ಮಕ್ಕಳಿಗೆ ಹಲವು ಊರುಗಳಲ್ಲಿ ಕಿಟ್ ಅಂಚೆಯಲ್ಲೇ ಬರುತ್ತದೆ. ನಮ್ಮಲ್ಲಿ ಅಂಥ ನಿಯಮ ಇಲ್ಲವಾದ್ದರಿಂದ ತಾವೇ ಲೆಕ್ಕ ಹಾಕಬೇಕು. ಹೊಸ ಸಂಗಾತಿ ಬಂದಿದ್ದರೆ, ಒಬ್ಬರಿಗಿಂತ ಹೆಚ್ಚು ಸಂಗಾತಿಗಳಿದ್ದರೆ, ಸಂಗಾತಿಗೆ ಬೇರೆ ಸಂಬಂಧವಿರುವ ಅನುಮಾನವಿದ್ದರೆ, ಬೇರೆ ಯಾವುದಾದರೂ ಲೈಂಗಿಕ ಸೋಂಕು ಪತ್ತೆಯಾಗಿದ್ದರೆ ಕೇಳಿ ಮಾಡಿಸಿಕೊಳ್ಳುವುದು ಒಳ್ಳೆಯದು. ಹದಿನೆಂಟು ತುಂಬದವರ ಸಂಕಟ ಬೇರೆಯೇ. ಪೋಕ್ಸೊ ಕಾಯ್ದೆಯ ಪ್ರಕಾರ ಅವರ ಲೈಂಗಿಕ ಸಂಪರ್ಕದ ವಿಷಯ ತಿಳಿದ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳನ್ನು ಕಾಯಲು ಮಾಡಿದ ಆ ನಿಯಮ, ಪರಸ್ಪರ ಇಷ್ಟಪಟ್ಟ ಹದಿಹರೆಯದವರನ್ನು ಆಸ್ಪತ್ರೆಯ ಬಾಗಿಲಿನಿಂದಲೇ ದೂರ ಇಡುತ್ತಿದೆ. ಇದಕ್ಕೆ ಸುಲಭದ ಪರಿಹಾರ ನನಗಂತೂ ಕಾಣುತ್ತಿಲ್ಲ.

ಚಿಕಿತ್ಸೆ ಮುಗಿದವರು ಗುಣವಾಯಿತೇ ಎಂದು ತಿಳಿಯುವ ಅವಸರಕ್ಕೆ ಮರುವಾರವೇ ಪಿಸಿಆರ್ ಮಾಡಿಸಬಾರದು. ಸತ್ತ ಬ್ಯಾಕ್ಟೀರಿಯಾದ ವಂಶವಾಹಿಯ ಚೂರುಗಳು ಮೂರು ನಾಲ್ಕು ವಾರ ಉಳಿದಿದ್ದು ಪರೀಕ್ಷೆ ಪಾಸಿಟಿವ್ ಬರಬಹುದು. ಸುಮ್ಮನೆ ಇನ್ನೊಂದು ಸುತ್ತು ಮಾತ್ರೆ. ಬಸುರಿಯರಿಗೆ ಮಾತ್ರ ನಾಲ್ಕು ವಾರದ ನಂತರ ಖಚಿತಪಡಿಸಿಕೊಳ್ಳಲು ಪರೀಕ್ಷೆ ಬೇಕು. ಎಲ್ಲರೂ ಮೂರು ತಿಂಗಳಾದ ಮೇಲೆ ಮತ್ತೊಮ್ಮೆ ಮಾಡಿಸಬೇಕು, ಏಕೆಂದರೆ ಮರುಸೋಂಕು ಬಹಳ ಸಾಮಾನ್ಯ, ಅದರಲ್ಲೂ ಸಂಗಾತಿ ಮಾತ್ರೆ ನುಂಗದಿದ್ದರೆ. ಹತ್ತಿರದ ಸುರಕ್ಷಾ ಕ್ಲಿನಿಕ್ ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ 1097ಕ್ಕೆ ಕರೆ ಮಾಡಬಹುದು. ಏಡ್ಸ್ ಸಹಾಯವಾಣಿ ಎಂದು ಹೆಸರಿದ್ದರೂ ಲೈಂಗಿಕ ಸೋಂಕುಗಳ ಬಗ್ಗೆಯೂ ಉತ್ತರಿಸುತ್ತಾರೆ, ಕರೆ ಉಚಿತ.